ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಅಷ್ಟೇ ಇದೆ, ದಾರಿ ಮಾತ್ರ ಬದಲಾಗುತ್ತಲೇ ಇದೆ

ಸಾಗರ: ಮಗ ಅಮೆರಿಕದಲ್ಲಿದ್ದಾನೆ, ಮಗಳು ಅಲ್ಲೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ ಎನ್ನುವ ಮಾತು ಈಗ ಸಾಗರ, ಸೊರಬ, ಹೊಸನಗರ ಕಡೆ ಯಾರಿಗೂ ಹೊಸದಲ್ಲ. ಅವರಲ್ಲಿ ಬಹಳಷ್ಟು ಜನ ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ, ಫ್ರೀಮಾಂಟ್, ಸನ್ನಿವೇಲ್ ಊರುಗಳಲ್ಲಿ. ಈ ಊರುಗಳಿಗೆಲ್ಲ ದೊಡ್ಡ ವಿಮಾನ ನಿಲ್ದಾಣ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊ. ಹಾಗಾಗಿ ಮಲೆನಾಡಿನ ಎಷ್ಟೋ ಮನೆಗಳ ಮಟ್ಟಿಗೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಎಂಬುದು ದೂರದ ಯಾವುದೋ ವಿಮಾನದ ಸುದ್ದಿಯಲ್ಲ, ಮನೆಯ ಲೆಕ್ಕ. ಮೊಮ್ಮಗು ಹುಟ್ಟಿದಾಗ ಅಜ್ಜಿ ಹೋಗುವ ದಾರಿ ಅದು. ಅಪ್ಪನಿಗೆ ಹುಷಾರಿಲ್ಲ ಎಂದಾಗ ಮಗ ಓಡಿ ಬರುವ ದಾರಿಯೂ ಅದೇ.

ಎಷ್ಟು ದೂರ ಎಂದು ಮೊಬೈಲ್‌ನಲ್ಲಿ ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ: ಸುಮಾರು 14,000 ಕಿ.ಮೀ. ಎಷ್ಟು ಹೊತ್ತು ಎಂದರೆ 16 ಗಂಟೆ ಎನ್ನುತ್ತದೆ. ಆದರೆ ಟಿಕೆಟ್ ನೋಡಿದರೆ ಒಂದರಲ್ಲಿ 22 ಗಂಟೆ, ಮತ್ತೊಂದರಲ್ಲಿ 30. ದೂರ ಒಂದೇ ಆಗಿರುವಾಗ ಹೊತ್ತು ಯಾಕೆ ಇಷ್ಟು ಬೇರೆ ಬೇರೆ? ಕಳೆದ ನಾಲ್ಕೈದು ವರ್ಷಗಳಲ್ಲಿ ಈ ವ್ಯತ್ಯಾಸ ಹೆಚ್ಚಿದ್ದು ಯಾಕೆ? ಅದರ ಖರ್ಚು ಯಾರ ಜೇಬಿನಿಂದ ಹೋಗುತ್ತಿದೆ?

ಸಿಗಂದೂರಿನ ಲೆಕ್ಕ

ಸಾಗರದವರಿಗೆ ಇದನ್ನು ವಿವರಿಸಲು ವಿಮಾನದವರೆಗೂ ಹೋಗಬೇಕಿಲ್ಲ. ಅಂಬಾರಗೋಡ್ಲು ದಡದಲ್ಲಿ ನಿಂತರೆ ಆಚೆ ಕಳಸವಳ್ಳಿ ಕಣ್ಣಿಗೇ ಕಾಣುತ್ತದೆ. ನಡುವೆ ಇರುವುದು ಎರಡೂವರೆ ಕಿ.ಮೀ. ಆಸುಪಾಸಿನ ಹಿನ್ನೀರು. ಆದರೂ ತುಮರಿ ಭಾಗದ ಜನ ದಶಕಗಳ ಕಾಲ ಲಾಂಚ್ ಕಾದರು. ಲಾಂಚ್ ನಿಂತ ಮೇಲೆ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಕಾಡಿನ ದಾರಿ ಸುತ್ತಿ ಬರಬೇಕಿತ್ತು. 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದ ಮೇಲೆ ಅದೇ ದೂರ ಕೆಲವೇ ನಿಮಿಷಕ್ಕೆ ಇಳಿಯಿತು. ಎರಡು ದಡಗಳ ನಡುವಿನ ದೂರ ಒಂದಿಂಚೂ ಕಡಿಮೆಯಾಗಿರಲಿಲ್ಲ. ಬದಲಾಗಿದ್ದು ದಾರಿ.

ಆಕಾಶದಲ್ಲಿ ನಡೆಯುತ್ತಿರುವುದೂ ಇದೇ, ಆದರೆ ಉಲ್ಟಾ ದಿಕ್ಕಿನಲ್ಲಿ. ಅಲ್ಲಿ ಇದ್ದ ಸೇತುವೆಗಳು ಒಂದೊಂದಾಗಿ ಮುಚ್ಚುತ್ತಿವೆ.

ನಕಾಶೆ ಹೇಳುವ ಸುಳ್ಳು

ಗೋಡೆಗೆ ನೇತುಹಾಕುವ ಪ್ರಪಂಚದ ನಕಾಶೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಸಮುದ್ರದ ನಟ್ಟನಡುವೆ ಹೋಗುತ್ತದೆ. ಆದರೆ ಭೂಮಿ ಚಪ್ಪಟೆಯಲ್ಲವಲ್ಲ. ಶಾಲೆಯಲ್ಲಿ ಇಡುವ ಗೋಳ ತಂದು ಎರಡು ಊರುಗಳ ಮಧ್ಯೆ ದಾರ ಬಿಗಿಯಾಗಿ ಹಿಡಿದರೆ ಅಚ್ಚರಿ ಕಾದಿರುತ್ತದೆ. ದಾರ ಸೀದಾ ಉತ್ತರಕ್ಕೆ ಹತ್ತುತ್ತದೆ. ಚೀನಾ ದಾಟಿ, ರಷ್ಯಾದ ಸೈಬೀರಿಯಾ ದಾಟಿ, ಹಿಮಗಡ್ಡೆಯ ಆರ್ಕ್ಟಿಕ್ ವೃತ್ತದ ಒಳಗೆ ಹೊಕ್ಕು, ಅಲಾಸ್ಕ ಕಡೆಯಿಂದ ಕೆಳಗಿಳಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಹಾಗೆ ಅಳೆದಾಗ ಬರುವುದೇ ಸುಮಾರು 13,990 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಭಾಗಿಸಿದರೆ ಹದಿನೈದೂವರೆ ಗಂಟೆ.

ಇದು ಕಾಗದದ ಮೇಲಿನ ಲೆಕ್ಕ. ವಿಮಾನ ಈ ದಾರದ ಮೇಲೆಯೇ ಹಾರುವುದಿಲ್ಲ. ಅದಕ್ಕೆ ಮೂರು ಕಾರಣ ಇವೆ.

ಮೊದಲನೆಯದು ಬೆಟ್ಟ. ವಿಮಾನದೊಳಗೆ ಗಾಳಿಯ ಒತ್ತಡ ಏಕಾಏಕಿ ಕಡಿಮೆಯಾದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ, ಅಂದರೆ 3,000 ಮೀಟರ್ ಎತ್ತರಕ್ಕೆ ಇಳಿಸಬೇಕು. ತಲೆಮೇಲಿಂದ ಇಳಿಯುವ ಆಕ್ಸಿಜನ್ ಮಾಸ್ಕ್ ಬಾಳುವುದು ಕೆಲವೇ ನಿಮಿಷ. ಟಿಬೆಟ್‌ನಲ್ಲಿ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ. ಅದಕ್ಕೆ ಬಹುತೇಕ ವಿಮಾನಗಳು ಟಿಬೆಟ್ ತಪ್ಪಿಸಿ ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಗಾಳಿ. ಮೇಲಿನ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾದ ಗಾಳಿಹೊಳೆ ಹರಿಯುತ್ತಿರುತ್ತದೆ. ಪೂರ್ವಕ್ಕೆ ಹೋಗುವಾಗ ಅದು ಬೆನ್ನು ತಳ್ಳುತ್ತದೆ, ವಾಪಸ್ ಬರುವಾಗ ಎದೆಗೆ ಹೊಡೆಯುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನಕ್ಕೆ ಸುಮಾರು 16 ಗಂಟೆ ಹಿಡಿದರೆ, ಅಲ್ಲಿಂದ ಬರುವಾಗ 17 ಗಂಟೆ ದಾಟಲು ಇದೇ ಮುಖ್ಯ ಕಾರಣ. ಕೆಲವೊಮ್ಮೆ ಪೈಲಟ್‌ಗಳು ಉದ್ದದ ದಾರಿಯನ್ನೇ ಆರಿಸುತ್ತಾರೆ, ಯಾಕಂದ್ರೆ ಒಳ್ಳೆ ಗಾಳಿ ಸಿಕ್ಕರೆ ಉದ್ದದ ದಾರಿಯೇ ಬೇಗ ಮುಟ್ಟಿಸುತ್ತದೆ.

ಮೂರನೆಯದು ಅನುಮತಿ. ಬೆಟ್ಟ ಮತ್ತು ಗಾಳಿ ಮೊದಲಿನಿಂದಲೂ ಇದ್ದವು. ಈಗಿನ ತೊಂದರೆಯೆಲ್ಲ ಬಂದಿರುವುದು ಈ ಮೂರನೆಯ ಕಾರಣದಿಂದ.

ಆಕಾಶಕ್ಕೂ ಟೋಲ್ ಇದೆ

ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಹಕ್ಕು ಇರುತ್ತದೆ. ಮೇಲೆ ಹಾರಿ ಹೋಗುವ ವಿಮಾನದಿಂದ ಆ ದೇಶ ಶುಲ್ಕ ವಸೂಲಿ ಮಾಡುತ್ತದೆ. ಹೆದ್ದಾರಿಯ ಟೋಲ್ ಇದ್ದ ಹಾಗೆ. ಭಾರತದ ಮೇಲೆ ಹಾರುವ ವಿದೇಶಿ ವಿಮಾನಗಳಿಂದ ಇಲ್ಲಿನ ವಿಮಾನ ನಿಲ್ದಾಣ ಪ್ರಾಧಿಕಾರವೂ ಶುಲ್ಕ ಪಡೆಯುತ್ತದೆ. ವ್ಯತ್ಯಾಸ ಏನೆಂದರೆ, ಟೋಲ್ ಕಟ್ಟಿದ ಲಾರಿಯನ್ನು ನಿನ್ನ ಊರು ಯಾವುದು ಎಂದು ಯಾರೂ ಕೇಳುವುದಿಲ್ಲ. ಆಕಾಶದಲ್ಲಿ ಮೊದಲು ಕೇಳುವುದೇ ಅದನ್ನು. ಯಾವ ದೇಶದ ವಿಮಾನ ಎಂಬುದರ ಮೇಲೆ ಗೇಟು ತೆರೆಯುವುದು, ಮುಚ್ಚುವುದು ನಿರ್ಧಾರವಾಗುತ್ತದೆ.

ಬೆಂಗಳೂರು–ಅಮೆರಿಕ ನೇರ ವಿಮಾನದ ಚರಿತ್ರೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2020ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು ಬೆಂಗಳೂರಿಗೆ ನೇರ ವಿಮಾನ ಘೋಷಿಸಿದ್ದವು. ಯುನೈಟೆಡ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ. ಮೊದಲು ಕೋವಿಡ್ ಅಡ್ಡ ಬಂತು. ಕೋವಿಡ್ ಮುಗಿಯುತ್ತಿದ್ದ ಹಾಗೆ 2022ರ ಫೆಬ್ರವರಿಯಲ್ಲಿ ರಷ್ಯಾ–ಉಕ್ರೇನ್ ಯುದ್ಧ ಶುರುವಾಯಿತು. ಅಮೆರಿಕ ಮತ್ತು ಯುರೋಪಿನ ದೇಶಗಳು ರಷ್ಯಾ ವಿಮಾನಗಳಿಗೆ ಆಕಾಶ ಮುಚ್ಚಿದವು, ರಷ್ಯಾ ಅವರ ವಿಮಾನಗಳಿಗೆ ಮುಚ್ಚಿತು. ಕಡಿಮೆ ದೂರದ ದಾರಿ ರಷ್ಯಾ ಮೇಲೆಯೇ ಹೋಗುವುದರಿಂದ ಆ ಎರಡೂ ವಿಮಾನಗಳು ಬೆಂಗಳೂರಿನ ನೆಲ ಮುಟ್ಟಲೇ ಇಲ್ಲ.

ಹಾರಿದ್ದು ಏರ್ ಇಂಡಿಯಾ ಮಾತ್ರ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಮೊದಲ ವಿಮಾನ ಉತ್ತರ ಧ್ರುವದ ದಾರಿಯಲ್ಲಿ ಬಂದು ಜನವರಿ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ ಆಗಿದ್ದರಿಂದ ಅದು ದೇಶದ ತುಂಬ ಸುದ್ದಿಯಾಯಿತು. ಭಾರತ ರಷ್ಯಾ ಮೇಲೆ ನಿರ್ಬಂಧ ಹಾಕದ ಕಾರಣ ಏರ್ ಇಂಡಿಯಾಗೆ ರಷ್ಯಾದ ಆಕಾಶ ಯುದ್ಧದ ನಂತರವೂ ತೆರೆದೇ ಇತ್ತು. ಅಮೆರಿಕದ ಕಂಪನಿಗಳು ಇದು ಅನ್ಯಾಯದ ಪೈಪೋಟಿ ಎಂದು ದೂರಿದವು. ಹೀಗಿದ್ದರೂ ಈ ಸೇವೆ ಎಡೆಬಿಡದೆ ನಡೆಯಲಿಲ್ಲ. ಮಧ್ಯೆ ನಿಂತು 2022ರ ಡಿಸೆಂಬರ್‌ನಲ್ಲಿ ವಾರಕ್ಕೆ ಮೂರು ದಿನದಂತೆ ಮತ್ತೆ ಶುರುವಾಯಿತು. ಇಂಥ ದಾರಿಯಲ್ಲಿ ಕಳೆದ ವರ್ಷ ಇದ್ದ ವಿಮಾನ ಈ ವರ್ಷವೂ ಇರುತ್ತದೆ ಎಂದು ನಂಬಿ ಕೂರುವಂತಿಲ್ಲ ಎಂಬುದು ಇದರಿಂದ ಕಲಿಯಬೇಕಾದ ಪಾಠ.

ತೆರೆದ ದಾರಿಯಲ್ಲೂ ಅಪಾಯ ಇದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನರಿಗೆ ಅಲ್ಲಿ ಹೋಟೆಲ್ ಇರಲಿಲ್ಲ. ಹಲವರು ಶಾಲೆ, ಹಾಸ್ಟೆಲ್‌ಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಮಲಗಿದರು. ಭಾಷೆ ಬಾರದು, ಊಟ ಒಗ್ಗದು, ವಯಸ್ಸಾದವರ ಮಾತ್ರೆಗಳು ಲಗೇಜ್‌ನಲ್ಲಿ. ಬದಲಿ ವಿಮಾನ ಬಂದು ಅವರನ್ನು ಕರೆದುಕೊಂಡು ಹೋಗಿದ್ದು 8ರಂದು.

ಪಾಕಿಸ್ತಾನದ ಗೇಟು

ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಏಪ್ರಿಲ್ 30ರಂದು ಭಾರತವೂ ಮುಚ್ಚಿತು. ಅಲ್ಲಿಂದ ಎರಡೂ ಕಡೆಯವರು ತಿಂಗಳು ತಿಂಗಳು ಅವಧಿ ಮುಂದೂಡುತ್ತಲೇ ಬಂದರು.

ಇಲ್ಲಿ ಪೆಟ್ಟು ಹೆಚ್ಚು ಬಿದ್ದಿದ್ದು ದೆಹಲಿಗೆ. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಭಾರತದ ವಿಮಾನ ಈಗ ಗುಜರಾತ್ ಕಡೆ ಇಳಿದು, ಅರಬ್ಬಿ ಸಮುದ್ರದ ಮೇಲೆ ಬಳಸಿ ಮತ್ತೆ ಮೇಲೆ ಹತ್ತಬೇಕು. ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನ ತುಂಬಿಸಲು ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿದವು. ದೆಹಲಿ–ವಾಷಿಂಗ್ಟನ್ ವಿಮಾನವನ್ನು 2025ರ ಸೆಪ್ಟೆಂಬರ್ 1ರಿಂದ ಏರ್ ಇಂಡಿಯಾ ನಿಲ್ಲಿಸಿತು. ವಿಮಾನಗಳ ಕೊರತೆ ಮತ್ತು ಪಾಕಿಸ್ತಾನದ ಆಕಾಶ ಮುಚ್ಚಿರುವುದು ಎರಡನ್ನೂ ಕಂಪನಿ ಕಾರಣವಾಗಿ ಕೊಟ್ಟಿತು. ದೆಹಲಿಯಿಂದ ಅಲ್ಮಾಟಿ ಮತ್ತು ತಾಷ್ಕೆಂಟ್‌ಗೆ ಇಂಡಿಗೊ ಹಾರಿಸುತ್ತಿದ್ದ ಸಣ್ಣ ವಿಮಾನಗಳಿಗೆ ಬಳಸು ದಾರಿಯಲ್ಲಿ ಅಷ್ಟು ದೂರ ಹೋಗಲು ಆಗದೆ ಆ ಸೇವೆ ನಿಂತಿತು.

ಬೆಂಗಳೂರು ದಕ್ಷಿಣದಲ್ಲಿರುವುದರಿಂದ ನೇರ ಪೆಟ್ಟು ಅಷ್ಟಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕಡೆಗಿನ ಹತ್ತಿರದ ದಾರಿ ಪಾಕಿಸ್ತಾನದ ಹತ್ತಿರವೂ ಹೋಗುವುದಿಲ್ಲ. ಆದರೆ ಬೆಂಗಳೂರಿನಿಂದ ದೆಹಲಿಗೆ ಹೋಗಿ ಅಲ್ಲಿಂದ ಅಮೆರಿಕ ವಿಮಾನ ಹಿಡಿಯುವವರಿಗೆ ಬಿಸಿ ತಟ್ಟುತ್ತದೆ.

ಇನ್ನೊಂದು ಸಂಗತಿ ಇದೆ. ಬ್ರಿಟನ್, ಜರ್ಮನಿ ಮೊದಲಾದ ದೇಶಗಳ ವಿಮಾನಗಳಿಗೆ ಪಾಕಿಸ್ತಾನದ ನಿಷೇಧ ಅನ್ವಯಿಸುವುದಿಲ್ಲ. ಅಂದರೆ ದೆಹಲಿ–ಲಂಡನ್ ಮಧ್ಯೆ ಭಾರತದ ವಿಮಾನ ಸುತ್ತಿಕೊಂಡು ಹೋಗಬೇಕು, ಬ್ರಿಟನ್ ವಿಮಾನಕ್ಕೆ ಆ ಕಟ್ಟು ಇಲ್ಲ. ಅದೇ ಬ್ರಿಟನ್ ವಿಮಾನ ಲಂಡನ್‌ನಿಂದ ಟೋಕಿಯೊಗೆ ಹೋಗಬೇಕೆಂದರೆ ರಷ್ಯಾ ಬಿಟ್ಟು ಸುತ್ತಬೇಕು. ಹೆಲ್ಸಿಂಕಿ–ಟೋಕಿಯೊ ವಿಮಾನಕ್ಕೆ ಮೊದಲು ಒಂಬತ್ತು ಗಂಟೆ ಸಾಕಿತ್ತು. ರಷ್ಯಾ ಮುಚ್ಚಿದ ಮೇಲೆ 13 ಗಂಟೆಯಾಯಿತು. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿದೆ.

ಖರ್ಚು ಯಾರದ್ದು?

ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಷೇಧಿಸಿದರೆ ಲಾರಿ ಬೇರೆ ಘಾಟಿ ಸುತ್ತಿ ಬರುತ್ತದೆ. ಹೆಚ್ಚಿನ ಡೀಸೆಲ್, ಡ್ರೈವರ್ ಭತ್ಯೆ ಎಲ್ಲವೂ ಬಾಡಿಗೆಗೆ ಸೇರುತ್ತದೆ, ಬಾಡಿಗೆ ಅಂಗಡಿಯ ಸಾಮಾನಿನ ರೇಟಿಗೆ ಸೇರುತ್ತದೆ. ಪೇಟೆಯ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಮಾನದಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಬೋಯಿಂಗ್ 777 ತರಹದ ದೊಡ್ಡ ವಿಮಾನ ಗಂಟೆಗೆ ಸುಮಾರು 7 ಟನ್ ಇಂಧನ ಸುಡುತ್ತದೆ. ಬೆಂಗಳೂರಿನ ಮೊದಲ ನೇರ ಹಾರಾಟಕ್ಕೆ ಬಳಸಿದ 777-200 ಎಲ್‌ಆರ್ ಮಾದರಿಯ ಟ್ಯಾಂಕ್ ತುಂಬಿದರೆ ಇಂಧನದ ತೂಕವೇ 145 ಟನ್ ಆಗುತ್ತದೆ. ದೂರ ಹೆಚ್ಚಾದಷ್ಟೂ ಹೆಚ್ಚು ಇಂಧನ ಹೊರಬೇಕು. ಆ ಹೆಚ್ಚಿನ ಇಂಧನವನ್ನು ಹೊತ್ತುಕೊಂಡು ಹೋಗಲು ಮತ್ತಷ್ಟು ಇಂಧನ ಸುಡಬೇಕು. ತೂಕದ ಮಿತಿ ಮೀರುವಂತಿದ್ದರೆ ಸರಕು ಬಿಡಬೇಕು, ಕೆಲವೊಮ್ಮೆ ಸೀಟು ಖಾಲಿ ಬಿಡಬೇಕು. ಜೊತೆಗೆ ಪೈಲಟ್‌ಗಳ ಕೆಲಸದ ಅವಧಿಗೆ ಕಾನೂನಿನ ಮಿತಿ ಇದೆ. 16–17 ಗಂಟೆ ಹಾರಾಟಕ್ಕೆ ಸರದಿಯಲ್ಲಿ ಮಲಗಿ ಎದ್ದು ಓಡಿಸಲು ನಾಲ್ವರು ಪೈಲಟ್ ಬೇಕು. ಒಂದೆರಡು ಗಂಟೆ ಸುತ್ತು ಎಂದರೆ ಬರೀ ಒಂದೆರಡು ಗಂಟೆಯ ಇಂಧನ ಮಾತ್ರ ಅಲ್ಲ.

ಲೆಕ್ಕ ಎಷ್ಟಾಗುತ್ತದೆ ಎಂಬುದಕ್ಕೆ ದಾಖಲೆಯೇ ಇದೆ. ಬಾಲಾಕೋಟ್ ದಾಳಿಯ ನಂತರ 2019ರ ಫೆಬ್ರವರಿ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. ಆ ವರ್ಷದ ಜುಲೈ 2ರ ಹೊತ್ತಿಗೆ ಭಾರತದ ವಿಮಾನ ಕಂಪನಿಗಳಿಗೆ ಸುಮಾರು 549 ಕೋಟಿ ರೂ. ನಷ್ಟವಾಗಿತ್ತೆಂದು ಆಗಿನ ವಿಮಾನಯಾನ ಸಚಿವ ಹರ್ದೀಪ್ ಸಿಂಗ್ ಪುರಿ ರಾಜ್ಯಸಭೆಗೆ ತಿಳಿಸಿದ್ದರು. ಅದರಲ್ಲಿ 491 ಕೋಟಿ ಏರ್ ಇಂಡಿಯಾ ಒಂದರದ್ದೇ. 2025ರ ನಿಷೇಧದಿಂದ ವರ್ಷಕ್ಕೆ ಸುಮಾರು 4,000 ಕೋಟಿ ರೂ. ಹೊರೆ ಎಂಬುದು ಏರ್ ಇಂಡಿಯಾ ಹೇಳಿದ ಅಂದಾಜು.

ಗೇಟು ಮುಚ್ಚಿದವರಿಗೂ ಲಾಭ ಆಗಿಲ್ಲ. 2025ರ ಏಪ್ರಿಲ್ 24ರಿಂದ ಜೂನ್ 30ರವರೆಗಿನ ಎರಡು ತಿಂಗಳಲ್ಲೇ ಪಾಕಿಸ್ತಾನಕ್ಕೆ ಅವರ ಲೆಕ್ಕದ 410 ಕೋಟಿ ರೂಪಾಯಿ ಆದಾಯ ತಪ್ಪಿತು ಎಂದು ಅಲ್ಲಿನ ರಕ್ಷಣಾ ಇಲಾಖೆಯೇ ಸಂಸತ್ತಿಗೆ ತಿಳಿಸಿದೆ.

ಎರಡು ದೇಶಗಳ ನಡುವಿನ ನಿರ್ಧಾರಕ್ಕೆ ಭದ್ರತೆಯ ಕಾರಣಗಳು ಇರಬಹುದು, ಅದು ಬೇರೆ ಚರ್ಚೆ. ಆದರೆ ಕಂಪನಿಯ ಲೆಕ್ಕಪುಸ್ತಕದಲ್ಲಿ ನಷ್ಟ ಎಂದು ಬರೆದಿದ್ದು ಕೊನೆಗೆ ಬಂದು ನಿಲ್ಲುವುದು ಟಿಕೆಟ್ ದರದ ಮೇಲೆ. ಹಣದ ನಷ್ಟಕ್ಕಾದರೂ ಲೆಕ್ಕ ಇಡುವವರು ಇದ್ದಾರೆ. ಪ್ರಯಾಣಿಕರು ಹೆಚ್ಚುವರಿಯಾಗಿ ಕೂತ ಗಂಟೆಗಳ ಲೆಕ್ಕ ಯಾವ ಸದನದಲ್ಲೂ ಮಂಡನೆಯಾಗುವುದಿಲ್ಲ.

ಸುತ್ತು ದಾರಿಗಳ ಹೋಲಿಕೆ

ನೇರ ವಿಮಾನ ಸಿಗದಿದ್ದರೆ ನಡುವೆ ಒಂದು ಕಡೆ ಇಳಿದು ಹತ್ತಬೇಕು. ಬೆಂಗಳೂರಿನಿಂದ ಇರುವ ಮುಖ್ಯ ದಾರಿಗಳ ದೂರ ಸರಿಸುಮಾರು ಹೀಗಿದೆ:

ನೇರವಾಗಿ: 13,990 ಕಿ.ಮೀ.
ದುಬೈ ಮೂಲಕ: 2,700 ಮತ್ತು 13,040, ಒಟ್ಟು 15,740 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 ಮತ್ತು 9,150, ಒಟ್ಟು 16,550 ಕಿ.ಮೀ.
ಲಂಡನ್ ಮೂಲಕ: 8,050 ಮತ್ತು 8,600, ಒಟ್ಟು 16,650 ಕಿ.ಮೀ.
ಸಿಂಗಾಪುರ ಮೂಲಕ: 3,150 ಮತ್ತು 13,600, ಒಟ್ಟು 16,750 ಕಿ.ಮೀ.

ಗಮನಿಸಬೇಕಾದ್ದು ಏನೆಂದರೆ, ಪಶ್ಚಿಮಕ್ಕೆ ಲಂಡನ್ ಕಡೆಯಿಂದ ಹೋದರೂ ಪೂರ್ವಕ್ಕೆ ಸಿಂಗಾಪುರ ಕಡೆಯಿಂದ ಹೋದರೂ ದೂರದಲ್ಲಿ ಹೆಚ್ಚು ಫರಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಹೆಚ್ಚುಕಡಿಮೆ ಭೂಮಿಯ ಆಚೆ ಬದಿಗೇ ಇದೆ. ಹಾರಾಟದ ಅವಧಿ 19–20 ಗಂಟೆ ಆಸುಪಾಸು, ಅದಕ್ಕೆ ನಡುವೆ ಕಾಯುವ ಹೊತ್ತು ಸೇರಿಸಬೇಕು. ಎರಡು ಗಂಟೆ ಕಾದರೆ 22, ಹತ್ತು ಗಂಟೆ ಕಾದರೆ 30. ಅಗ್ಗದ ಟಿಕೆಟ್‌ನಲ್ಲಿ ಕಾಯುವ ಹೊತ್ತು ಹೆಚ್ಚಿರುವುದು ಸಾಮಾನ್ಯ.

ಕೊಲ್ಲಿಯ ದಾರಿ ಹತ್ತಿರ ನಿಜ. ಆದರೆ ಅಲ್ಲೂ ಗೇಟು ಯಾವಾಗ ಬೀಳುತ್ತದೆ ಹೇಳಲಾಗದು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಕಾಳಗದ ವೇಳೆ ಇರಾನ್ ಆಕಾಶ ಮುಚ್ಚಿತು. ಜೂನ್ 23ರ ಸಂಜೆ ಕತಾರ್ ಕೂಡ ಕೆಲ ಗಂಟೆಗಳ ಕಾಲ ಮುಚ್ಚಿದ್ದರಿಂದ ದೋಹಾಗೆ ಹೊರಟಿದ್ದ ವಿಮಾನಗಳು ಬೇರೆ ಬೇರೆ ಊರುಗಳಲ್ಲಿ ಇಳಿದವು.

ಗಡಿಯಾರದ ಆಟ

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ ಇಲ್ಲಿ ಮರುದಿನ ಬೆಳಗ್ಗೆ 6 ಆಗಿರುತ್ತದೆ. ಆದರೆ ಚಳಿಗಾಲದಲ್ಲಿ ಅಲ್ಲಿ ಹೊರಟ ದಿನದ್ದೇ ಸಂಜೆ ನಾಲ್ಕೂವರೆ. ಟಿಕೆಟ್ ನೋಡಿದವರಿಗೆ ಎರಡೂವರೆ ಗಂಟೆಯ ಪ್ರಯಾಣ ಅನಿಸಬೇಕು! ವಾಪಸ್ ಬರುವಾಗ ಅದರ ಸಾಲ ತೀರಿಸಬೇಕಾಗುತ್ತದೆ. ಆ ಮೊದಲ ವಿಮಾನದವರು ಶನಿವಾರ ರಾತ್ರಿ ಹತ್ತಿ ಸೋಮವಾರ ಇಳಿದರು, ಅವರ ಇಡೀ ಭಾನುವಾರ ಆಕಾಶದಲ್ಲೇ ಕಳೆದುಹೋಯಿತು. ಕರೆದುಕೊಂಡು ಬರಲು ದೇವನಹಳ್ಳಿಗೆ ಕಾರು ಮಾಡುವವರು ತಾರೀಕು ತಪ್ಪುವುದು ಇಲ್ಲೇ. ಟಿಕೆಟ್‌ನಲ್ಲಿ ಹೊರಡುವ ಹೊತ್ತಿಗೆ ಆ ಊರಿನ ಗಡಿಯಾರ, ಇಳಿಯುವ ಹೊತ್ತಿಗೆ ಈ ಊರಿನ ಗಡಿಯಾರ ಎಂಬುದು ನೆನಪಿರಬೇಕು.

ಅಪ್ಪನ ಮುಖ ನೋಡಲು ಎಷ್ಟು ಹೊತ್ತು?

ಈ ಎಲ್ಲ ಗಂಟೆಗಳ ನಿಜವಾದ ಬೆಲೆ ಗೊತ್ತಾಗುವುದು ಕೆಟ್ಟ ಸುದ್ದಿಯ ದಿನ. ಸನ್ನಿವೇಲ್‌ನಲ್ಲಿರುವ ಮಗನಿಗೆ ಫೋನ್ ಹೋಯಿತು ಎಂದುಕೊಂಡರೆ ಲೆಕ್ಕ ಹೀಗೆ ಸಾಗುತ್ತದೆ. ನಿಲ್ದಾಣಕ್ಕೆ ಹೋಗಿ ಒಳಗೆ ಸೇರಲು 4 ಗಂಟೆ. ನೇರ ವಿಮಾನ ಸಿಕ್ಕಿದರೆ ಹದಿನೇಳೂವರೆ. ಬೆಂಗಳೂರಿನಲ್ಲಿ ಇಮಿಗ್ರೇಷನ್, ಲಗೇಜ್ ಎಂದು ಒಂದೂವರೆ. ಅಲ್ಲಿಂದ ಕಾರಿನಲ್ಲಿ ಸಾಗರಕ್ಕೆ 7. ಒಟ್ಟು 30 ಗಂಟೆ. ಅದೂ ಆ ಹೊತ್ತಿಗೇ ವಿಮಾನ ಇದ್ದು, ಅದರಲ್ಲಿ ಸೀಟು ಸಿಕ್ಕರೆ. ಒಂದು ಕಡೆ ಇಳಿದು ಹತ್ತುವುದಾದರೆ 35–36 ಗಂಟೆ. ನಡುವಿನ ವಿಮಾನ ತಪ್ಪಿದರೆ ಎರಡು ದಿನ.

ಮಣ್ಣಿಗೆ ಕಾಯಬೇಕೋ ಬೇಡವೋ ಎಂದು ಮನೆಯಂಗಳದಲ್ಲಿ ಹಿರಿಯರು ಮಾತಾಡಿಕೊಳ್ಳುವಾಗ ಈ ಆರು ಗಂಟೆ, ಹನ್ನೆರಡು ಗಂಟೆಗಳೇ ತೀರ್ಮಾನ ಮಾಡುತ್ತವೆ. ವಿಡಿಯೋ ಕಾಲ್‌ನಲ್ಲಿ ಅಂತ್ಯಕ್ರಿಯೆ ನೋಡಿ ಆಮೇಲೆ ವೈಕುಂಠ ಸಮಾರಾಧನೆಗೆ ಬಂದು ಸೇರುವುದು ಈಗ ಊರಿಗೆ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ದೂರದ ಯಾವುದೋ ಎರಡು ದೇಶಗಳ ಜಗಳ ಸಾಗರದ ಅಂಗಳಕ್ಕೆ ಬಂದು ಮುಟ್ಟುವುದು ಹೀಗೆ.

ಟಿಕೆಟ್ ತೆಗೆಯುವ ಮುನ್ನ

ಕಿಲೋಮೀಟರ್ ನೋಡಿ ಪ್ರಯೋಜನ ಇಲ್ಲ. ನೋಡಬೇಕಾದ್ದು ಬೇರೆ.

ಒಂದು, ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿ ಇರಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನಕ್ಕೆ ಹಾಕುವ ಹೊಣೆ ಕಂಪನಿಯದ್ದಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ತಪ್ಪಿದ ವಿಮಾನದ ದುಡ್ಡು ಹೋದ ಹಾಗೆ.

ಎರಡು, ಎಲ್ಲಿ ಇಳಿದು ಹತ್ತಬೇಕು ಎಂಬುದು. ಮಧ್ಯದ ದೇಶದಲ್ಲಿ ಟ್ರಾನ್ಸಿಟ್ ವೀಸಾ ಬೇಕಾ ಎಂದು ಏಜೆಂಟ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಬೇಕು. ಅಮೆರಿಕದ ಬೇರೆ ಊರಿನಲ್ಲಿ ಇಳಿದು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವುದಾದರೆ ಇಮಿಗ್ರೇಷನ್ ಮೊದಲು ಇಳಿಯುವ ಊರಿನಲ್ಲೇ ಆಗುತ್ತದೆ. ಲಗೇಜನ್ನೂ ಸಾಮಾನ್ಯವಾಗಿ ಅಲ್ಲೇ ತೆಗೆದುಕೊಂಡು ಮತ್ತೆ ಕೊಡಬೇಕು. ಇಂಗ್ಲಿಷ್ ಬಾರದ ಅಪ್ಪ ಅಮ್ಮ ಇಬ್ಬರೇ ಹೋಗುವುದಿದ್ದರೆ ಅಲ್ಲಿ ಎರಡು ಗಂಟೆಯ ಬಿಡುವು ಸಾಲದು. ವೀಲ್‌ಚೇರ್ ಸಹಾಯ ಬೇಕೆಂದು ಮೊದಲೇ ಬರೆಸಿಡುವುದು ಒಳ್ಳೆಯದು.

ಮೂರು, ದಿನ ತಪ್ಪದೆ ತೆಗೆದುಕೊಳ್ಳುವ ಮಾತ್ರೆ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಬೇಕು. ಪ್ರಯಾಣ ಒಂದು ದಿನದ್ದಾದರೂ ಮಾತ್ರೆ ಮೂರ್ನಾಲ್ಕು ದಿನಕ್ಕಾಗುವಷ್ಟು ಇರಲಿ. ಮಗದಾನ್‌ನಲ್ಲಿ ಸಿಕ್ಕಿಕೊಂಡವರ ಕಷ್ಟ ಹೇಳುವುದೂ ಇದನ್ನೇ.

ನಾಲ್ಕು, ಹೊರಡುವ ಹಿಂದಿನ ದಿನ ಮತ್ತು ಊರು ಬಿಡುವ ಮುಂಚೆ ವಿಮಾನದ ಸ್ಥಿತಿ ನೋಡಬೇಕು. ಆಕಾಶ ಮುಚ್ಚುವ ಆದೇಶ ಬರುವುದು ವಾರದ ಮುಂಚೆ ಅಲ್ಲ, ಕೆಲವೊಮ್ಮೆ ಗಂಟೆಯ ಮುಂಚೆ. ಟಿಕೆಟ್‌ನಲ್ಲಿ ಏಜೆಂಟರ ನಂಬರ್ ಬದಲು ಪ್ರಯಾಣಿಕರದ್ದೇ ಮೊಬೈಲ್ ನಂಬರ್ ಇದ್ದರೆ ಸಂದೇಶ ನೇರವಾಗಿ ಬರುತ್ತದೆ.

ನೆಲದ ಮೇಲಿನ ದೂರ

ಕೊನೆಗೆ ಒಂದು ಮಾತು ಉಳಿಯುತ್ತದೆ. ಸಾಗರದಿಂದ ರಾತ್ರಿ ರೈಲು ಅಥವಾ ಬಸ್ಸಿನಲ್ಲಿ ಬೆಂಗಳೂರಿಗೆ ಸುಮಾರು ಎಂಟು ಗಂಟೆ. ಅಲ್ಲಿಂದ ದೇವನಹಳ್ಳಿಗೆ ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ. ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು. ಅಂದರೆ ವಿಮಾನ ನೆಲ ಬಿಡುವ ಹೊತ್ತಿಗೆ ಪ್ರಯಾಣಿಕರು ಆಗಲೇ ಹನ್ನೆರಡು ಗಂಟೆ ಕಳೆದಿರುತ್ತಾರೆ. ಇಷ್ಟು ಹೊತ್ತಿನಲ್ಲಿ ಬೆಂಗಳೂರಿನಿಂದ ಹೊರಟ ವಿಮಾನ ಲಂಡನ್ ಮುಟ್ಟಿರುತ್ತದೆ.

ಈ ಹನ್ನೆರಡು ಗಂಟೆಗೆ ಸೈಬೀರಿಯಾ, ಪಾಕಿಸ್ತಾನ ಯಾವುದೂ ಕಾರಣ ಅಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನ ಮೊದಲ ವಿಮಾನ ಇಳಿಯಿತು. ಸಾಗರದಿಂದ ಅದು ಎಂಬತ್ತು ಕಿ.ಮೀ. ಆಸುಪಾಸು, ಬೆಂಗಳೂರಿಗೆ ಹಾರಾಟ ಒಂದು ಗಂಟೆ. ಆದರೆ ಬೆಂಗಳೂರಿನಿಂದ ವಿದೇಶಕ್ಕೆ ಹೋಗುವ ಬಹಳಷ್ಟು ವಿಮಾನಗಳು ಹೊರಡುವುದು ರಾತ್ರಿ, ನಸುಕಿನಲ್ಲಿ. ಶಿವಮೊಗ್ಗದ ವೇಳಾಪಟ್ಟಿ ಅದಕ್ಕೆ ಹೊಂದದಿದ್ದರೆ ಉಳಿಸಿದ ಏಳು ಗಂಟೆ ಬೆಂಗಳೂರಿನ ನಿಲ್ದಾಣದ ಕುರ್ಚಿಯಲ್ಲಿ ಕಳೆಯುತ್ತದೆ. ವಿದೇಶಿ ವಿಮಾನಗಳಿಗೆ ಹೊಂದುವ ವೇಳೆ, ರೈಲಿನಿಂದ ಇಳಿದವರಿಗೆ ದೇವನಹಳ್ಳಿಗೆ ಸಲೀಸಾದ ಸಂಪರ್ಕ, ಶಿವಮೊಗ್ಗ ನಿಲ್ದಾಣಕ್ಕೆ ತಾಲೂಕುಗಳಿಂದ ಬಸ್ಸು: ಇವನ್ನು ಕೇಳಲು ಮಾಸ್ಕೊದ ಅನುಮತಿ ಬೇಕಿಲ್ಲ. ಶಾಸಕರು, ಸಂಸದರು, ಸಾರಿಗೆ ಇಲಾಖೆ ಇಲ್ಲೇ ಇದ್ದಾರೆ.

ಹಿನ್ನೀರಿಗೆ ಸೇತುವೆ ಬೇಕೆಂದು ತುಮರಿಯವರು ದಶಕಗಳ ಕಾಲ ಬಿಡದೆ ಕೇಳಿದರು. ದೂರ ಕಡಿಮೆ ಮಾಡಿ ಎಂದು ಅವರು ಕೇಳಲಿಲ್ಲ, ದಾರಿ ಕೊಡಿ ಎಂದರು. ಆಕಾಶದ ಗೇಟು ಯಾವಾಗ ತೆರೆಯುತ್ತದೋ ಹೇಳುವವರಿಲ್ಲ. ಅಲ್ಲಿಯವರೆಗೆ ಕ್ಯಾಲಿಫೋರ್ನಿಯಾದಿಂದ ಹೊರಟ ಮಗನಿಗೆ ಏಳೆಂಟು ಗಂಟೆ ಉಳಿಸಿಕೊಡುವ ಜಾಗ ಒಂದೇ: ದೇವನಹಳ್ಳಿಯಿಂದ ಈಚೆ.